ಅಪ್ಪನ ಮೃತ್ಯುಪತ್ರಕ್ಕೊಂದು ಒಳ್ಳೆಯ ದಿನ

ಹೊಳೆದಂಡೆಯ ಮಠದ ಶಿಷ್ಯ ಹಾಲಪ್ಪ ಮೃತ್ಯುಪತ್ರ ಬರೆದನೆಂದರೆ ಮುಗಿಯಿತು. ಯಮಧರ್ಮ ಸ್ವತಃ ಬಂದು, ಮೂರು ಸಲ ಓದಿ, ಒಂದು ಅಕ್ಷರವೂ ತಪ್ಪು ಸಿಗದೆ, ನಾಚಿಕೊಂಡು ಕೋಣ ಹತ್ತಿ ಹೋಗುತ್ತಿದ್ದ. ಸುತ್ತ ಏಳು ಹಳ್ಳಿಯಲ್ಲಿ ಇದನ್ನು ನಂಬದವನು ಒಬ್ಬನೇ ಇದ್ದ. ಕಡೆಗೆ ಅವನದನ್ನೂ ಹಾಲಪ್ಪನೇ ಬರೆದುಕೊಟ್ಟ.

ಸ್ವಂತ ಅಪ್ಪನದು ಮಾತ್ರ ಬರೆದಿರಲಿಲ್ಲ.

"ಅಪ್ಪಾ, ನಿನ್ನ ಕಾಲಾನಂತರ ಮನೆ ಯಾರಿಗೆ?" ಎಂದು ಬಾಯಿ ತೆರೆಯಲು ಒಳ್ಳೆಯ ದಿನ ಬೇಕಲ್ಲ? ಪಂಚಾಂಗ ಹಿಡಿದು ಕೂತ. ಆಷಾಢ ಬೇಡ. ಶ್ರಾವಣದಲ್ಲಿ ಸಾವಿನ ಮಾತೇ? ಪಿತೃಪಕ್ಷದಲ್ಲಂತೂ ಥೂ ಥೂ. ಅಪ್ಪ ಕೆಮ್ಮಿದ ದಿನ ಕೇಳಿದರೆ ಅಪಶಕುನ. ಅಪ್ಪ ನಕ್ಕ ದಿನ ಕೇಳಲು ಮನಸ್ಸೇ ಬಾರದು.

ಹೀಗೆ ನಾಲ್ಕು ವರ್ಷ.

ಐದನೆಯ ವರ್ಷ ಅಪ್ಪ ಮುರಿಗೆಪ್ಪನಿಗೆ ಮರೆವು ಬಂತು. ಮೊದಲು ಹೊತ್ತು ಮರೆತ. ಆಮೇಲೆ ಓಣಿ. ಆಮೇಲೆ ಮಕ್ಕಳನ್ನು.

ಆಗ ಹಾಲಪ್ಪನಿಗೆ ಯಾವ ದಿನವಾದರೂ ನಡೆಯುತ್ತದೆ ಅನ್ನಿಸಿತು. ಪತ್ರ ಬರೆದ. ಅಪ್ಪನ ಕೈ ಹಿಡಿದು ಮಠಕ್ಕೆ ಕರೆತಂದ.

ಗುರುಗಳಾದ ಅಜ್ಜಾರು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಏನದು ಹಾಲಪ್ಪಾ?"

"ಅಪ್ಪನ ಮೃತ್ಯುಪತ್ರರೀ ಅಜ್ಜಾರ. ಸಾಕ್ಷಿಗೆ ನೀವೊಂದು ಸಹಿ ಹಾಕ್ರಿ. ಹೆಬ್ಬೆಟ್ಟು ನಾ ಒತ್ತಿಸ್ತೀನಿ."

"ಅವರಿಗೆ ತಿಳೀತದೇನು?"

ಹಾಲಪ್ಪ ಹೊಳೆಯ ಕಡೆ ನೋಡಿದ.

"ಮನಿ ತಂಗಿ ನೀಲವ್ವಗ ಅಂತ ಬರದೀನ್ರಿ. ಅಪ್ಪಗ ಉಣಿಸಿ, ಮೈ ತೊಳಿಯಾಕಿ ಅಕಿನ. ಗಂಡ ಸತ್ತ ಮ್ಯಾಲೆ ಅಕಿಗೆ ಇರೋದು ಒಂದು ಕುಣಿಮಗ್ಗ. ಕಾಲು ಇಳಿಬಿಟ್ಟು ನೇಯೋ ಅದರ ಕುಣಿ ಆ ಮನಿ ನೆಲದಾಗ ತೋಡಿದ್ದದ. ಪತ್ರ ಇಲ್ಲಂದ್ರ, ಅಪ್ಪ ಹ್ವಾದ ಮರುದಿನ ದೊಡ್ಡಣ್ಣ ಮನಿ ಮಾರಿ ಪಾಲು ಮಾಡಸ್ತಾನ. ನೆಲದಾಗಿನ ಕುಣಿ ಹೊತಗೊಂಡು ಅಕಿ ಎಲ್ಲಿಗೆ ಹೋಗಬೇಕ್ರಿ? ಅಪ್ಪನ ಮನಸಿನ್ಯಾಗೂ ಇದ ಇತ್ತು."

"ಹಂಗಂತ ಅವರು ಹೇಳಿದ್ರೇನು?"

"ನಾ ಕೇಳಲಿಲ್ರಿ."

ಅಜ್ಜಾರು ಮೊರ ಪಕ್ಕಕ್ಕೆ ಸರಿಸಿದರು.

"ಹಂಗಾದ್ರ ಈಗ ಕೇಳು."

ಹಾಲಪ್ಪ ಮಸಿಯ ಡಬ್ಬಿ ತೆರೆದ.

"ಅಪ್ಪಾ, ಇಲ್ಲೊಂದು ಹೆಬ್ಬೆಟ್ಟು ಒತ್ತು."

ಮುದುಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನನ್ನ ಮಗ ಹೇಳ್ಯಾನ, ಅವ ಓದಿ ಹೇಳೋತನಕ ಯಾವ ಕಾಗದಕ್ಕೂ ಒತ್ತಬ್ಯಾಡ ಅಂತ."

"ನಾನ ಅಪ್ಪಾ. ಹಾಲಪ್ಪ."

ಮುರಿಗೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬೊಚ್ಚುಬಾಯಲ್ಲಿ ನಕ್ಕ.

"ನಿಮ್ಮ ಹೆಸರೂ ಹಾಲಪ್ಪೇನ್ರಿ? ಛಲೋ ಆತು. ನನ್ನ ಮಗ ಭಾಳ ಶಾಣ್ಯಾ. ಬರ್ತಾನ, ತಡೀರಿ. ಅವಗ ನಂದೂ ಒಂದು ಮಾತು ಹೇಳೋದದ. ಮನೀದು."

ಹಾಲಪ್ಪ ಹತ್ತಿರ ಸರಿದ.

"ಏನು ಮಾತದು?"

"ಅದು ಅವಗ ಹೇಳೋದ್ರಿ. ಬ್ಯಾರೆದವರಿಗೆ ಹೆಂಗ ಹೇಳ್ಲಿ?"

ಹಾಲಪ್ಪ ಅಪ್ಪನ ಮುಷ್ಟಿ ಹಿಡಿದ. ಕಿರುಬೆರಳು ಬಿಡಿಸಿದ. ಉಂಗುರಬೆರಳು ಬಿಡಿಸಿದ. ಮುದುಕ ಕೈ ಎಳೆದುಕೊಳ್ಳಲಿಲ್ಲ. ಮಠದ ಬಾಗಿಲ ಕಡೆ ನೋಡಿದ, ಮಗ ಬಂದನೇ ಎಂದು.



ಹಾಲಪ್ಪ ಕೈ ಬಿಟ್ಟ. ಡಬ್ಬಿ ಮುಚ್ಚಿದ. ಏಳು ಹಳ್ಳಿಗೆ ಪತ್ರ ಬರೆದುಕೊಟ್ಟವನು ಕಟ್ಟೆಯ ಕೆಳಗೆ ಕೂತ.

"ಅಜ್ಜಾರ, ಇವರಿಗೆ ನಾ ಏನು ಹೇಳ್ಲಿ? ಮನಿಗೆ ಹೋಗಿ ನೀಲವ್ವಗ ಏನು ಹೇಳ್ಲಿ?"

ಅಜ್ಜಾರು ಮುದುಕನ ಬೆರಳುಗಳನ್ನು ಮತ್ತೆ ಮೆಲ್ಲಗೆ ಮಡಿಚಿ ಕೊಟ್ಟರು.

"ಇವರಿಗೆ, ಮಗ ಬರ್ತಾನ ಅಂತ ಹೇಳು. ನೀಲವ್ವಗ, ಮಗ ಬರೋದು ತಡ ಆತು ಅಂತ ಹೇಳು."