ಪರದೆಯ ಹಿಂದಿನ ಸೇತುವೆ

ಶಿಷ್ಯೆ ಕೇಳಿದಳು: "ಗುರುಗಳೇ, ದಿನವೂ ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ. ಏನೂ ಕಾಣುವುದಿಲ್ಲ. ಸ್ಪಷ್ಟವಾಗಿ ಕಂಡ ಮೇಲೆ ಮುಂದಿನ ಹೆಜ್ಜೆ ಇಡೋಣ ಎಂದುಕೊಂಡಿದ್ದೇನೆ. ಎಷ್ಟು ದಿನ ಕಾಯಬೇಕು?"

ಗುರುಗಳು ಮಣೆಯನ್ನು ಸ್ವಲ್ಪ ನೆರಳಿಗೆ ಎಳೆದುಕೊಂಡು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಅಕ್ಕತಂಗಿಯರಿಬ್ಬರು ಬಟ್ಟೆ ಹೊಲಿಯುತ್ತಿದ್ದರು. ಅವರ ಅಂಗಡಿಯ ಗೋಡೆಗೆ ಒಂದು ಕ್ಯಾಲೆಂಡರ್. ಅದರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕೆಂಪು ಸೇತುವೆ. ವರ್ಷ ಕಳೆದರೂ ಅದನ್ನು ಅವರು ಇಳಿಸಲಿಲ್ಲ. ಸೂಜಿಗೆ ದಾರ ಪೋಣಿಸಿ ತಲೆಯೆತ್ತಿದಾಗಲೆಲ್ಲ ಅದೇ ಕಾಣುತ್ತಿತ್ತು. ಎಂದಾದರೂ ಇಬ್ಬರೂ ಹೋಗಿ ನೋಡಬೇಕು ಎಂದು ಕಾಸು ಕೂಡಿಡುತ್ತಿದ್ದರು. ಅಷ್ಟರಲ್ಲಿ ಅಕ್ಕನ ಕಣ್ಣು ಮಸುಕಾಯಿತು. ಮೊದಲು ದಾರ ಹೋಯಿತು, ಆಮೇಲೆ ಸೂಜಿ, ಆಮೇಲೆ ಗೋಡೆಯ ಸೇತುವೆ. ವೈದ್ಯರು ಕೈಚೆಲ್ಲಿದರು.

ಅಕ್ಕ ಹೇಳಿದಳು: "ನೀನಾದರೂ ಹೋಗಿ ಬಾ. ಬಂದು ನನಗೆ ಹೇಳು. ಕ್ಯಾಲೆಂಡರಿನಲ್ಲಿ ಇರುವುದನ್ನೇ ಹೇಳಬೇಡ, ಅದು ನನಗೆ ಬಾಯಿಪಾಠ."

ತಂಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟಳು. ಆ ನಗರದಲ್ಲಿ ಅವಳ ಕೈಗೆಟುಕಿದ್ದು ಪ್ರವಾಸಿಗರು ತಂಗುವ ಒಂದು ಅಗ್ಗದ ಹಾಸ್ಟೆಲ್ಲಿನ ಮೇಲಿನ ಮಂಚ. ಒಂದೇ ಕೋಣೆಯಲ್ಲಿ ಹಲವು ದೇಶದವರು ರೈಲಿನ ಬರ್ತಿನಲ್ಲಿ ಮಲಗಿದ ಹಾಗೆ ಮಲಗುತ್ತಿದ್ದರು. ಅಡುಗೆಮನೆಯಲ್ಲಿ ಒಂದು ಕಪಾಟಿತ್ತು. ಊರು ಬಿಡುವವರು ಮಿಕ್ಕ ಅಕ್ಕಿ, ಎಣ್ಣೆ, ಉಪ್ಪು ಅಲ್ಲಿಟ್ಟು ಹೋಗುತ್ತಿದ್ದರು. ಬಂದವರು ಬೇಯಿಸಿಕೊಳ್ಳುತ್ತಿದ್ದರು. ಯಾರೋ ಬಿಟ್ಟುಹೋದ ಅಕ್ಕಿಯ ಅನ್ನಕ್ಕೆ ತನ್ನ ಚಟ್ನಿಪುಡಿ ಕಲಸಿ ಉಂಡು, ಬಸ್ಸಿನ ಖರ್ಚು ಉಳಿಸಿ, ಏರುಬೀದಿಗಳನ್ನು ಹತ್ತಿ ಇಳಿದು ಅವಳು ಸೇತುವೆಯ ಕಡೆಗೆ ನಡೆದಳು.

ಅಲ್ಲಿ ಸೇತುವೆ ಇರಲಿಲ್ಲ. ಮಂಜು ಇತ್ತು. ಕಡಲೂ ಇಲ್ಲ, ಆಕಾಶವೂ ಇಲ್ಲ, ಬೆಳ್ಳಗಿನ ಒಂದು ಪರದೆ ಮಾತ್ರ. ಒಳಗಿನಿಂದ ಆಗಾಗ, ಹಡಗುಗಳನ್ನು ಎಚ್ಚರಿಸಲು ಊದುವ, ಶಂಖದಂಥ ಸದ್ದು ಬರುತ್ತಿತ್ತು. ಜನ ಕನಸಿನಲ್ಲಿ ನಡೆಯುವವರ ಹಾಗೆ ಅದರೊಳಗೆ ನಡೆದು ಕರಗುತ್ತಿದ್ದರು. ಅವಳು ಹೋಗಲಿಲ್ಲ. ದೇವರಿಗೆ ನೈವೇದ್ಯವಾಗುವಾಗ ಗರ್ಭಗುಡಿಗೆ ಪರದೆ ಎಳೆಯುತ್ತಾರೆ. ಅದು ಸರಿಯುವ ತನಕ ಹೊರಗೆ ನಿಲ್ಲಬೇಕು. ಅವಳು ಬೆಳೆದದ್ದು ಹಾಗೆ. ಕೈಕಟ್ಟಿ ನಿಂತಳು. ಸಂಜೆಗೆ ಹಿಂತಿರುಗಿದಳು. ಮರುದಿನವೂ ನಿಂತಳು, ಅದರ ಮರುದಿನವೂ. ಪರದೆ ಸರಿಯಲಿಲ್ಲ. ಅಕ್ಕನಿಗೆ ಏನು ಹೇಳಲಿ ಎಂಬ ಚಿಂತೆ ಮಾತ್ರ ಬೆಳೆಯಿತು.

ಹೊರಡುವ ದಿನ ಬಂತು. ಅವತ್ತೂ ಮಂಜೇ. ಹಾಸ್ಟೆಲ್ಲಿನಲ್ಲಿ ಅವಳ ಕೆಳಗಿನ ಮಂಚದಲ್ಲಿ ಮಲಗುತ್ತಿದ್ದ ಮುದುಕಿ ಅದರೊಳಗಿಂದ ಹೊರಬಂದಳು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಿನ್ನನ್ನು ಇಲ್ಲಿ ಕಾವಲಿಗೆ ಇಟ್ಟಿದ್ದಾರೆಯೇ ಎಂದು ಕೇಳಿದಳು. ತಂಗಿ ನಾಚುತ್ತ ತಮ್ಮೂರಿನ ಪರದೆಯ ವಿಷಯ ಹೇಳಿದಳು. ಒಳಗೆ ದೇವರು ಉಣ್ಣುವಾಗ ನಾವು ನುಗ್ಗುವುದಿಲ್ಲ ಎಂದಳು.

ಮುದುಕಿ ನಗಲಿಲ್ಲ. ತಿರುಗಿ ಮಂಜನ್ನು ನೋಡಿದಳು. "ಒಳಗೆ ಯಾರೂ ಉಣ್ಣುತ್ತಿಲ್ಲ, ಮಗಳೇ. ನಾನು ನೋಡಿಕೊಂಡೇ ಬಂದೆ."

ತಂಗಿ ಒಳಗೆ ನಡೆದಳು. ಚಾಚಿದ ತನ್ನ ಕೈಯೇ ಅವಳಿಗೆ ಅರ್ಧ ಕಂಡಿತು. ಕಂಬಿ ತಣ್ಣಗಿತ್ತು, ಒದ್ದೆಯಾಗಿತ್ತು. ಪಕ್ಕದಲ್ಲಿ ಕಾಣದ ವಾಹನಗಳು ಓಡಿದಂತೆ ಪಾದದಡಿ ನೆಲ ನಡುಗುತ್ತಿತ್ತು, ಆ ನಡುಕ ಮೊಣಕಾಲಿಗೆ ಏರಿತು. ಆಚೆ ದಡ ಮುಟ್ಟಿದ್ದು ನೆಲ ನಡುಗುವುದು ನಿಂತಾಗ ತಿಳಿಯಿತು. ಹಾಗೆಯೇ ಹಿಂದಿರುಗಿದಳು. ಪರದೆ ಸರಿಯಲೇ ಇಲ್ಲ. ಉಳಿದ ಚಟ್ನಿಪುಡಿಯನ್ನು ಕಪಾಟಿನಲ್ಲಿಟ್ಟು ವಿಮಾನ ಹತ್ತಿದಳು.

ಊರಿನಲ್ಲಿ ಅಕ್ಕ ಅಂಗಡಿಯಲ್ಲೇ ಕಾದು ಕುಳಿತಿದ್ದಳು. ಹೇಳು ಎಂದಳು. ತಂಗಿ ಒಂದು ಬಟ್ಟಲಿನಲ್ಲಿ ನೀರು ತಂದಳು. ಅಕ್ಕನ ಒಂದು ಕೈಯನ್ನು ನೀರಿನಲ್ಲಿ ಅದ್ದಿ ಹೊಲಿಗೆ ಮಿಷನ್ನಿನ ಕಬ್ಬಿಣದ ಮೇಲೆ ಇಟ್ಟಳು. ಇನ್ನೊಂದು ಕೈಯನ್ನು ಅದರ ಹಲಗೆಯ ಮೇಲೆ ಇಟ್ಟಳು. ಬಟ್ಟೆ ಹಾಕದೆ, ದಾರ ಪೋಣಿಸದೆ, ಮೆಲ್ಲಗೆ ತುಳಿಯತೊಡಗಿದಳು. ಹಲಗೆ ನಡುಗಿತು. ಅಕ್ಕ ಮುಖವನ್ನು ಕ್ಯಾಲೆಂಡರಿನ ಕಡೆಗೆ ಎತ್ತಲಿಲ್ಲ. ಕೈಯ ಮೇಲೆ ಬಾಗಿಸಿದಳು. ತಂಗಿ ತುಳಿಯುತ್ತಲೇ ಇದ್ದಳು.

ಬಹಳ ಹೊತ್ತಾದ ಮೇಲೆ ಅಕ್ಕ ಹೇಳಿದಳು: "ಸಾಕು ನಿಲ್ಲಿಸೇ, ಆಚೆ ದಡ ಬಂತು."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಸ್ವಲ್ಪ ಹೊತ್ತು ಕಾದಳು. ಕತೆ ಮುಂದುವರಿಯಲಿಲ್ಲ.

"ಹಾಗಾದರೆ ಆ ತಂಗಿಗೆ ಸೇತುವೆ ಕಾಣಲೇ ಇಲ್ಲವೇ?" ಎಂದಳು.

"ಕಾಯುತ್ತ ನಿಂತಷ್ಟು ದಿನ ಕಾಣಲಿಲ್ಲ" ಎಂದರು ಗುರುಗಳು.