ನವಿಲಿನ ಕಣ್ಣು

ನೀಲಕ್ಕನ ೧೯೬೩ರ ಫೆಬ್ರವರಿ ಹನ್ನೊಂದರ ದಿನಚರಿಯ ಪ್ರಕಾರ, ಅಂದು ಅವಳು ಅಜ್ಜಿಯ ತೋಳಿನಲ್ಲಿದ್ದ ನವಿಲನ್ನೇ ತೋರಿಸಿ ತನ್ನ ತೋಳಿಗೂ ಹಚ್ಚೆ ಹಾಕಿಸಿಕೊಂಡಳು. ವಾರದೊಳಗೆ ಗಾಯಕ್ಕೆ ಹಕ್ಕಳೆ ಕಟ್ಟಿ ನವಿಲು ಮರೆಯಾಯಿತು. ಅವಳ ಹೆಬ್ಬೆರಳಿನ ಉಗುರಿಗೆ ತಡೆಯಲಾಗಲಿಲ್ಲ.

"ಏನಮ್ಮ ಹಕ್ಕಳೆ, ನವಿಲನ್ನು ಎಷ್ಟು ದಿನ ಸೆರೆಯಲ್ಲಿಡುತ್ತೀಯೆ?"

"ಒಳಗೆ ಚರ್ಮ ಇನ್ನೂ ಕೂಡಿಲ್ಲ, ಉಗುರಣ್ಣ. ಹರಳೆಣ್ಣೆ ಹಚ್ಚಿ ಮೂರು ದಿನ ಸುಮ್ಮನಿದ್ದರೆ ನಾನೇ ಉದುರುತ್ತೇನೆ."

"ಸುಮ್ಮನಿರುವುದು ಸೋಮಾರಿಗಳ ಕೆಲಸ. ನನಗೆ ನವಿಲಿನ ಮೇಲೆ ಪ್ರೀತಿಯಿದೆ" ಎಂದು ಉಗುರು ಹಕ್ಕಳೆಯನ್ನು ಕೆರೆದು ಎಬ್ಬಿಸಿತು. ಅದರೊಂದಿಗೆ ನವಿಲಿನ ಕಣ್ಣೂ ಕಿತ್ತು ಬಂತು.

ಗಾಯ ಮಾಗಿ ಮತ್ತೆ ಬರೆಸುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಆ ಕಣ್ಣು ಹೇಗಿತ್ತೆಂದು ತೋರಿಸಲು ಇನ್ನೊಂದು ತೋಳಿರಲಿಲ್ಲ. ಮೂರು ದಿನ ಉಳಿಸಲು ಹೋಗಿ ಉಗುರು ಕಳೆದದ್ದು ಅಜ್ಜಿಯ ನವಿಲಿನ ನೋಟವನ್ನು.