ಮೊರದಲ್ಲಿ ಉಳಿದ ಜೋಳ

"ಗುರುಗಳೇ, ಜೋಳ ಹಾಕಿ ಇವನನ್ನು ಕಳಿಸಿಬಿಡಲೇ?" ಎಂದು ಚನ್ನಮಲ್ಲ ಕೇಳಿದ. ತುಂಬಿದ ಸೇರು ಆಗಲೇ ಅವನ ಕೈಯಲ್ಲಿತ್ತು.

ಮಠದ ಬಾಗಿಲಲ್ಲಿ ಏಕತಾರಿಯವನೊಬ್ಬ ಕೂತು ಹಾಡುತ್ತಿದ್ದ. ಒಂದಾದ ಮೇಲೊಂದು ನೋವಿನ ಪದವೇ. ಅದೂ ತನ್ನನ್ನು ತಾನೇ ಏನೋ ಕೇಳಿಕೊಳ್ಳುವ ಹಾಗೆ, ತಗ್ಗಿದ ದನಿಯಲ್ಲಿ. ಚನ್ನಮಲ್ಲನ ಅಣ್ಣ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಒಂದು ಹನಿ ಕಣ್ಣೀರು ಹಾಕದೆ ಮಣ್ಣು ಮಾಡಿ ಬಂದು, ಮಠದ ಕೆಲಸಕ್ಕೆ ನಿಂತಿದ್ದ. ಈ ಹಾಡು ಅವನಿಗೆ ಸಹಿಸಲಾಗಲಿಲ್ಲ. ಇಂಥದ್ದು ಕೇಳಿ ಯಾರಿಗೆ ಏನು ಸಿಗುತ್ತದೆ ಎಂದೂ ಕೇಳಿದ.

"ಆತುರಗಾರ ನೀನು. ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ನೇಕಾರನಿದ್ದ. ಅವನ ಎಳೆಯ ಮಗು ತೀರಿಹೋಯಿತು. ಅಂದಿನಿಂದ ಹೆಂಡತಿ ಅಳಲಿಲ್ಲ, ಮಾತಾಡಲಿಲ್ಲ, ಮಗ್ಗದ ಕಡೆ ತಿರುಗಿಯೂ ನೋಡಲಿಲ್ಲ. ತುತ್ತು ಬಾಯಿಗಿಟ್ಟರೂ ನುಂಗುತ್ತಿರಲಿಲ್ಲ. ನೇಕಾರನಿಗೆ ದಿಗಿಲಾಯಿತು. ಇವಳೂ ಹೋಗಿಬಿಟ್ಟರೆ ತನ್ನ ಗತಿಯೇನು? ನಗಿಸುವವರನ್ನು ಕರೆಸಿದ, ಮದುವೆ ಹಾಡು ಹಾಡಿಸಿದ. ಪಾಪ, ಅವನಿಗೆ ತಿಳಿದದ್ದು ಅಷ್ಟೇ. ಮನೆಯಲ್ಲಿ ಯಾರಾದರೂ ದುಃಖದ ಪದ ಗುನುಗಿದರೆ ಮೈಮೇಲೆ ಹೋಗುತ್ತಿದ್ದ.

ಒಂದು ದಿನ ಇಂಥವನೇ ಒಬ್ಬ ಬಾಗಿಲಿಗೆ ಬಂದು ತಂತಿ ಮೀಟಿದ. ಇವರ ರೀತಿ ನಿನಗೆ ಗೊತ್ತಲ್ಲ. ಕಾಳು ಜೋಳಿಗೆಗೆ ಬೀಳುವವರೆಗೆ ಹಾಡು, ಬಿದ್ದ ಮೇಲೆ ಮುಂದಿನ ಮನೆ. ಪದ ಶುರುವಾದದ್ದೇ ತಡ, ನೇಕಾರ ಮೊರದಲ್ಲಿ ಜೋಳ ತುಂಬಿಕೊಂಡು ಓಡಿಬಂದ. ಹೆಂಡತಿ ಎದ್ದು ಬಂದು ಮೊರ ಕಿತ್ತುಕೊಂಡಳು. ಆದರೆ ಜೋಳ ಹಾಕಲಿಲ್ಲ. ಮೊರವನ್ನು ಎದೆಗೆ ಅವಚಿಕೊಂಡು ಹೊಸ್ತಿಲಲ್ಲೇ ನಿಂತಳು.

"ಹಾಕಿಬಿಡು, ಹೋಗಲಿ ಅವನು" ಎಂದ ನೇಕಾರ.

"ಹಾಕಿದರೆ ಹಾಡು ನಿಂತುಹೋಗುತ್ತದೆ" ಎಂದಳು.

ಮಗು ಹೋದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಹಿಂದೆಯೇ ಅಳು ಬಂತು. ಹಾಡುವವನು ತಲೆ ಎತ್ತಲಿಲ್ಲ, ಸಮಾಧಾನ ಹೇಳಲಿಲ್ಲ. ಪದದ ಮೇಲೆ ಪದ ಹಾಡುತ್ತಲೇ ಇದ್ದ. ಅವಳು ಮನಸಾರೆ ಅತ್ತಳು. ಆಮೇಲೆ ಮೊರದಲ್ಲಿದ್ದದ್ದನ್ನೆಲ್ಲ ಅವನ ಜೋಳಿಗೆಗೆ ಸುರಿದು, ಒಳಗೆ ಬಂದು, ಹಸಿವಾಗಿದೆ ಎಂದಳು. ನೇಕಾರ ಕಣ್ಣೊರೆಸಿಕೊಂಡು ತಾನೇ ರೊಟ್ಟಿ ತಂದು ಮುಂದಿಟ್ಟ.

ಗುರುಗಳು ಕತೆ ಮುಗಿಸಿದರು. ಹೊರಗೆ ಇನ್ನೊಂದು ಪದ ಶುರುವಾಗಿತ್ತು. ಚನ್ನಮಲ್ಲ ಜೋಳ ಹಾಕಲು ಏಳಲಿಲ್ಲ, ಸೇರನ್ನು ಎದೆಗೆ ಅವಚಿಕೊಂಡು ಕೂತ.

ಗುರುಗಳು ಮೆಲ್ಲಗೆ ಹೇಳಿದರು: "ಮೊದಲು ಅಣ್ಣನಿಗಾಗಿ ಅತ್ತು ಬಾ ಮಗು, ಜೋಳ ಆಮೇಲೆ ಹಾಕುವೆಯಂತೆ."